ಮೊದಲ ಪಗಾರದ ಉಪ್ಪು

ಸೂಗಮ್ಮನದು ಸಪ್ಪನ ಕೈ. ಹಾಗೆಂದ ತಕ್ಷಣ ಅಡುಗೆ ಬಾರದ ಹೆಂಗಸು ಅಂದುಕೊಂಡೀರಿ. ಅವಳ ಪುಂಡಿಪಲ್ಯ ಉಂಡು ಬೆರಳು ಚೀಪಿದವರು ನಾರಾಯಣಗೂಡದ ಆ ಓಣಿಯಲ್ಲಿ ಇನ್ನೂ ಇದ್ದಾರೆ, ಹೋಗಿ ಕೇಳಿ. ಸಪ್ಪನ ಕೈ ಎಂದರೆ ಆ ಕೈ ತಾಗಿದ ಮಂತ್ರ ಉಪ್ಪಿಲ್ಲದ ಸಾರಿನ ಹಾಗೆ ಸಪ್ಪಗಾಗುತ್ತಿತ್ತು. ಮಾಟವೋ ಕಟ್ಟೋ ತಾಯಿತವೋ, ಹಾಕಿದವನು ಎಷ್ಟೇ ಘಾಟಿಯಾಗಿರಲಿ, ಸೂಗಮ್ಮ ಅಂಗೈ ಇಟ್ಟು ಹತ್ತು ಎಣಿಸುವುದರೊಳಗೆ ಅದರ ಜೀವ ಹೋಗುತ್ತಿತ್ತು. ಅಷ್ಟೇ ಅಲ್ಲ, ಅವಳು ಬಿಚ್ಚಿದ ಮೇಲೆ ಆ ಕಟ್ಟು ಮೊದಲಿನಿಂದ ಇರಲೇ ಇಲ್ಲವೇನೋ ಎಂಬಂತೆ ಅದರ ಹಿಂದುಮುಂದಿನ ಪೀಡೆಯೆಲ್ಲ ಅಳಿಸಿಹೋಗುತ್ತಿತ್ತು.

ಆಗಿನ ಹೈದರಾಬಾದಿನಲ್ಲಿ ಕಟ್ಟು ಹಾಕುವವರಿಗೇನು ಬರ? ಬೇಗಂ ಬಜಾರಿನ ಸಾಹುಕಾರರು ಗಿರಾಕಿಗಳ ಕಾಲು ಕಟ್ಟಿಸುತ್ತಿದ್ದರು. ಆಟೋದವರು ಪೊಲೀಸರ ಕಣ್ಣು ಕಟ್ಟಿಸುತ್ತಿದ್ದರು. ಅತ್ತೆಯರು ಸೊಸೆಯರ ಬಾಯಿ ಕಟ್ಟಿಸಲು ಹೋಗಿ ತಮ್ಮದೇ ಕಟ್ಟಿಸಿಕೊಂಡು ಬರುತ್ತಿದ್ದರು. ಇವರೆಲ್ಲರ ಕಾಟಕ್ಕೆ ಸಿಕ್ಕವರು ಸೂಗಮ್ಮನ ಬಾಗಿಲಿಗೆ ಬರುತ್ತಿದ್ದರು. ಕಟ್ಟಿನ ಹತ್ತಿರಕ್ಕೆ ಕೈ ಒಯ್ದರೆ ಅವಳ ಅಂಗೈ ಜುಮ್ಮೆನ್ನುತ್ತಿತ್ತು. ಎಲ್ಲಿದೆ ಎಂದು ಕೇಳುವ ಅಗತ್ಯವೂ ಬೀಳುತ್ತಿರಲಿಲ್ಲ.

ಈ ಕೈ ಅವಳ ಅಜ್ಜಿಯಿಂದ ಬಂದದ್ದು, ರಾಯಚೂರು ಕಡೆಯದು. ಕೈ ಜತೆಗೆ ಅಜ್ಜಿ ಒಂದು ನೇಮವನ್ನೂ ಕೊಟ್ಟಿದ್ದಳು. ಯಾರ ಉಪ್ಪು ಉಂಡೀಯೋ ಅವರ ಮೈಮೇಲಿನ ಕಟ್ಟು ನಿನ್ನ ಕೈಗೆ ಬಗ್ಗಂಗಿಲ್ಲ. ಅದಕ್ಕೇ ಸೂಗಮ್ಮ ಯಾರ ಮನೆಗೆ ಹೋದರೂ ಮಜ್ಜಿಗೆ ಕೂಡ ಮುಟ್ಟುತ್ತಿರಲಿಲ್ಲ. ಬೆಲ್ಲ ಕೊಟ್ಟರೆ ಬೆಲ್ಲ, ನೀರು ಕೊಟ್ಟರೆ ನೀರು. ಗಂಡ ಅಮರಯ್ಯ ರಕ್ಷಣಾ ಇಲಾಖೆಯ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಒಮ್ಮೆ ಪ್ರಮೋಷನ್ನಿನ ಹೊಟ್ಟೆಕಿಚ್ಚಿಗೆ ಯಾರೋ ಅವನ ಹೊಟ್ಟೆಯನ್ನೇ ಕಟ್ಟಿಸಿಬಿಟ್ಟರು. ನಾಲ್ಕು ದಿನ ತಂಬಿಗೆ ಹಿಡಿದು ಕೂತದ್ದೇ ಬಂತು. ಹೆಂಡತಿ ಪಕ್ಕದಲ್ಲೇ ಇದ್ದರೂ ಗಂಡನ ಉಪ್ಪು ಉಂಡವಳಲ್ಲವೇ? ಅದೇ ಕೈಯಿದ್ದ ಯಾದಗಿರಿಯ ಚಿಕ್ಕಮ್ಮನ ಮಗಳು ಗಂಗಾಬಾಯಿಯ ಹತ್ತಿರ ಕಳಿಸಬೇಕಾಯಿತು. ಆ ಗಂಗಾಬಾಯಿಯೂ ಮುಂದೆ ಕಾಮಾಲೆಯಾಗಿ ತೀರಿಕೊಂಡಳು. ಹೀಗೆ ಸಪ್ಪನ ಕೈಯವರ ವಂಶದಲ್ಲಿ ಉಳಿದವಳು ಸೂಗಮ್ಮ ಒಬ್ಬಳೇ.

ಒಬ್ಬಳೇ ಮಗಳು ಭವಾನಿ. ಕೈ ಅವಳಿಗೆ ಬರಲಿಲ್ಲ, ತಲೆ ಬಂತು. ಎಂಸಿಎ ಮಾಡಿದ ವರ್ಷವೇ ಮಣಿಕೊಂಡದ ಹತ್ತಿರದ ಒಂದು ಕಂಪನಿಯಲ್ಲಿ ಕೆಲಸ ಸಿಕ್ಕಿತು. ಆ ಕಾಲದಲ್ಲಿ ಅಲ್ಲಿನ ಹೊಲಗಳಲ್ಲಿ ಜೋಳದ ಬದಲು ಕಬ್ಬಿಣದ ಸರಳು ಮೊಳೆಯುತ್ತಿತ್ತು. ಎರಡು ವರ್ಷದ ಬಾಂಡ್ ಬರೆಸಿಕೊಂಡು ಕೊರಳಿಗೆ ಒಂದು ನೀಲಿ ಪಟ್ಟಿ ಹಾಕಿದರು, ಅದರ ತುದಿಗೆ ಫೋಟೋ ಇರುವ ಕಾರ್ಡು. ಸ್ನಾನಕ್ಕೂ ಅದನ್ನು ತೆಗೆಯಬಾರದಂತೆ, ಕಂಪನಿಯ ರೂಲ್ಸಂತೆ. ಓದಿದವರ ರೂಲ್ಸು ನಮಗೇನು ತಿಳೀತಾವ ಎಂದು ಅಮರಯ್ಯ ಮೀಸೆ ತಿರುವಿದ.

ಮೊದಲ ಪಗಾರ ಬಂದ ದಿನ ಭವಾನಿ ಕವರನ್ನು ತಾಯಿಯ ಕೈಗಿಟ್ಟಳು. ಮೊದಲ ಪಗಾರದಲ್ಲಿ ಮೊದಲು ಮನೆಗೆ ಬರಬೇಕಾದದ್ದು ಉಪ್ಪು, ಅದು ಅವರ ಕಡೆಯ ಪದ್ಧತಿ. ಉಳಿದವರು ಒಂದು ಪಾಕೀಟು ತಂದು ದೇವರ ಮುಂದಿಟ್ಟು ಸುಮ್ಮನಾಗುತ್ತಾರೆ. ಸೂಗಮ್ಮನಿಗೆ ಅಷ್ಟಕ್ಕೆ ಸಮಾಧಾನವಾಗಬೇಕಲ್ಲ! ಬಸ್ಸು ಹತ್ತಿ ಬೇಗಂ ಬಜಾರಿಗೆ ಹೋಗಿ ಒಂದು ಚೀಲ ಕಲ್ಲುಪ್ಪನ್ನೇ ತಂದಳು. ಅರ್ಧ ಚೀಲ ಓಣಿಗೆ ಹಂಚಿ, ಉಳಿದದ್ದನ್ನು ಜಾಡಿಗಳಿಗೆ ತುಂಬಿ, ಸಂಜೆ ಮಗಳ ಉಪ್ಪು ಹಾಕಿದ ಸಾರು ಸುರಿದುಕೊಂಡು ಉಂಡಳು. ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಎಂದು ಅಮರಯ್ಯ ಗಾದೆ ಹೇಳಿದ. ಮೂವರೂ ನಕ್ಕರು. ಮೂವತ್ತು ವರ್ಷ ಊರವರ ಮಜ್ಜಿಗೆಗೆ ಹೆದರಿದ ಹೆಂಗಸಿಗೆ ಆ ಹೊತ್ತು ಒಂದು ಯೋಚನೆಯೂ ಬರಲಿಲ್ಲ. ಹೆತ್ತ ಮಗಳ ಉಪ್ಪನ್ನು ಪರರ ಉಪ್ಪು ಎಂದು ಯಾವ ತಾಯಿಗಾದರೂ ಅನ್ನಿಸುತ್ತದೆಯೇ?

ಆರು ತಿಂಗಳಿಗೆ ನಾರಾಯಣಗೂಡದ ಎರಡು ಕೋಣೆಯ ಮನೆ ಬಿಟ್ಟು ಮಣಿಕೊಂಡದ ಫ್ಲಾಟಿಗೆ ಬಂದರು. ಮೂರನೆಯ ಮಾಳಿಗೆ, ಲಿಫ್ಟು, ಕರಿಕಲ್ಲಿನ ಅಡುಗೆ ಕಟ್ಟೆ. ಸೂಗಮ್ಮ ಆ ಕಟ್ಟೆಯನ್ನು ದಿನಕ್ಕೆ ನಾಲ್ಕು ಸಲ ಒರೆಸುತ್ತಿದ್ದಳು. ಅದು ಕೊಳೆಯಾಗುತ್ತಿತ್ತು ಎಂದಲ್ಲ, ಒರೆಸುವುದೇ ಒಂದು ಸುಖವಾಗಿತ್ತು.

ನಾಗರ ಪಂಚಮಿಯ ದಿನ ಭವಾನಿಗೆ ರಜೆ. ಸೂಗಮ್ಮ ಮಗಳನ್ನು ಮುಂದೆ ಕೂರಿಸಿಕೊಂಡು ತಲೆಗೆ ಎಣ್ಣೆ ಹಚ್ಚುತ್ತಿದ್ದಳು. ಕತ್ತಿನ ಹಿಂದೆ ಬೆರಳು ಇಳಿದಾಗ ನೀಲಿ ಪಟ್ಟಿ ತಾಗಿ ಅಂಗೈ ಜುಮ್ಮೆಂದಿತು. ಅದೇ ಹೊತ್ತಿಗೆ ಹೊಸ ಫ್ರಿಜ್ಜನ್ನು ಹೊತ್ತ ಹಮಾಲರು ಬಾಗಿಲಲ್ಲಿ ನಿಂತು ಎಲ್ಲಿಡಬೇಕಮ್ಮಾ ಎಂದು ಕೂಗಿದರು. ಸೂಗಮ್ಮ ಕೈಯನ್ನು ಸೆರಗಿಗೆ ಒರೆಸಿಕೊಂಡು ಎದ್ದುಹೋದಳು. ಎಣ್ಣೆ ಜಾಸ್ತಿಯಾಯಿತೇನೋ ಅಂದುಕೊಂಡಳು. ಆಮೇಲೆ ಮಗಳ ತಲೆಗೆ ಎಣ್ಣೆ ಹಚ್ಚಲು ಅವಳು ಕೂರಲಿಲ್ಲ, ನೀನೇ ಹಚ್ಚಿಕೋ, ದೊಡ್ಡವಳಾದಿ ಅನ್ನುತ್ತಿದ್ದಳು.

ಹೀಗೆ ಎರಡು ವರ್ಷ ತುಂಬುವುದಕ್ಕೆ ಹನ್ನೆರಡು ದಿನ ಉಳಿದಿತ್ತು.

ಅವತ್ತು ಮಧ್ಯಾಹ್ನ ಹೊತ್ತಲ್ಲದ ಹೊತ್ತಿನಲ್ಲಿ ಭವಾನಿ ಮನೆಗೆ ಬಂದಳು. ನೀರು ಕೇಳಿ ಕುಡಿಯದೆ ಲೋಟ ಕೆಳಗಿಟ್ಟಳು. ಪವನ ಸತ್ತ ಅಂದಳು. ಪವನ ಕಾರ್ಕಳದ ಹುಡುಗ, ಅವಳ ಜತೆಗೇ ಕೆಲಸ ಮಾಡುವವನು, ಅವಳಿಗಿಂತ ಹನ್ನೆರಡು ದಿನ ಮೊದಲು ಸೇರಿದವನು. ದೀಪಾವಳಿಗೆ ಮನೆಗೆ ಬಂದು ಸೂಗಮ್ಮನ ಒತ್ತಾಯಕ್ಕೆ ಅವಳ ಕೈಯ ಶೇಂಗಾ ಹೋಳಿಗೆ ಆರು ತಿಂದಿದ್ದ. ಬೆಳಿಗ್ಗೆ ಅವನ ಬಾಂಡ್ ಮುಗಿಯಿತಂತೆ, ಕೊರಳ ಪಟ್ಟಿ ತೆಗೆದುಕೊಟ್ಟನಂತೆ, ಎಲ್ಲರಿಗೂ ಸಿಹಿ ಹಂಚಿ ಮೆಟ್ಟಿಲಿಳಿಯುವಾಗ ಒಮ್ಮೆ ಆಕಳಿಸಿದನಂತೆ. ಮೂರನೆಯ ಮೆಟ್ಟಿಲಲ್ಲಿ ಕೂತವನು ಏಳಲಿಲ್ಲ. ಹಾರ್ಟು ವೀಕಿತ್ತು ಎಂದು ಕಂಪನಿಯವರು ಹೇಳಿದರಂತೆ.

ಇಷ್ಟನ್ನು ಹೇಳಿದ ಭವಾನಿಯ ಕಣ್ಣಿನಲ್ಲಿ ಒಂದು ಹನಿಯೂ ಇರಲಿಲ್ಲ. ಆಮೇಲೆ ಅವಳು ಅವತ್ತು ಆಫೀಸಿನಲ್ಲಿ ಕೇಳಿ ತಿಳಿದದ್ದು ಒಂದೊಂದೇ ಹೊರಗೆ ಬಂತು. ಪಟ್ಟಿ ಹಾಕಿದ ಮೇಲೆ ಯಾರಿಗೂ ನಿದ್ದೆ ಬೇಕಾಗುವುದಿಲ್ಲ, ಹಸಿವಾಗುವುದಿಲ್ಲ, ಬೆನ್ನು ನೋಯುವುದಿಲ್ಲ, ಅದಕ್ಕೇ ಕಂಪನಿಯ ಕೆಲಸ ಓಡುವುದು. ಆದರೆ ಆ ದಣಿವು ಇಲ್ಲವಾಗುವುದಿಲ್ಲ, ಮುಂದಕ್ಕೆ ತಳ್ಳಿರುತ್ತದೆ. ಬಾಂಡ್ ಮುಗಿದ ದಿನ ಎರಡು ವರ್ಷದ ಎಚ್ಚರ, ಎರಡು ವರ್ಷದ ಹಸಿವು ಒಟ್ಟಿಗೆ ಬಂದು ಮೈಮೇಲೆ ಕೂರುತ್ತದೆ. ಪಟ್ಟಿ ಕಿತ್ತರೂ ಕತ್ತರಿಸಿದರೂ ಅದೇ ಗತಿ, ಅದೇ ಗಳಿಗೆಗೆ. ಮೊದಲೆಲ್ಲ ಬಾಂಡನ್ನು ಮತ್ತೆ ಮತ್ತೆ ಮುಂದುವರಿಸುತ್ತಿದ್ದರಂತೆ, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಈ ವರ್ಷ ಅಮೆರಿಕದಲ್ಲಿ ವ್ಯಾಪಾರ ಬಿದ್ದಿದೆ, ಹೊಸಬರ ಬಾಂಡನ್ನು ಮುಂದುವರಿಸುವುದಿಲ್ಲವಂತೆ. ಬೇಡವಾದವರ ಯಾದಿಯಲ್ಲಿ ಭವಾನಿಯ ಹೆಸರೂ ಇತ್ತು.

ಅಮರಯ್ಯ ಗೋಡೆ ಹಿಡಿದುಕೊಂಡ. ಸೂಗಮ್ಮನಿಗೆ ಮಾತ್ರ ಎದೆ ಧಸಕ್ಕೆಂದದ್ದು ಒಂದೇ ಗಳಿಗೆ. ಮರುಗಳಿಗೆಗೆ ನಗು ಬಂತು. ಕಟ್ಟು ತಾನೇ? ಬಿಚ್ಚಿದರೆ ಇರಲೇ ಇಲ್ಲ ಎಂಬಂತೆ ಹೋಗುತ್ತದೆ, ಮುಂದೆ ತಳ್ಳಿದ ದಣಿವೂ ಅದರ ಜತೆಗೇ ಹೋಗುತ್ತದೆ. ಸಪ್ಪನ ಕೈಯವಳ ಮಗಳಿಗೆ ಕಟ್ಟಿನ ಹೆದರಿಕೆಯೇ! ಹುಚ್ಚಿ, ಬಾ ಇಲ್ಲಿ ಎಂದು ಮಗಳನ್ನು ಎಳೆದು ಕೂರಿಸಿ ಪಟ್ಟಿಯ ಮೇಲೆ ಅಂಗೈ ಇಟ್ಟಳು. ಕೈ ಜುಮ್ಮೆಂದಿತು. ಹತ್ತು ಎಣಿಸಿದಳು, ನೂರು ಎಣಿಸಿದಳು. ಪಟ್ಟಿ ಮೈಯ ಹಾಗೆ ಬೆಚ್ಚಗೇ ಇತ್ತು. ಒಂದು ತಾಸಿನ ಮೇಲೆ ಕೈ ತೆಗೆದವಳು ಎದ್ದು ಅಡುಗೆಮನೆಗೆ ಹೋಗಿ ಜಾಡಿಯ ಮುಂದೆ ನಿಂತಳು. ಜಾಡಿಯ ತಳದಲ್ಲಿ ಇನ್ನೂ ನಾಲ್ಕು ಹಿಡಿ ಕಲ್ಲುಪ್ಪಿತ್ತು. ಮೊದಲ ಪಗಾರದ ಉಪ್ಪು.

ಕಂಪನಿಯ ದುಡ್ಡು, ಕಂಪನಿಯ ಉಪ್ಪು ಎಂದುಕೊಂಡಳು ಅವಳು. ಉಪ್ಪು ಕೊಟ್ಟವರು ಬಿಟ್ಟೆನೆಂದು ಬಾಯಿಬಿಟ್ಟು ಹೇಳಿದರೆ ಋಣ ಹರಿಯುತ್ತದೆಂದು ಅಜ್ಜಿ ಹೇಳಿದ್ದಳು. ಹಾಗಾದರೆ ಕಂಪನಿಯವರ ಕಾಲು ಹಿಡಿಯುವುದು. ಮಾರನೆಯ ದಿನ ಬೆಳಿಗ್ಗೆ ಗಾಜಿನ ಕಟ್ಟಡದ ಮುಂದೆ ಹೋಗಿ ನಿಂತಳು. ಗೇಟಿನವನು ತೆಲುಗಿನಲ್ಲಿ ಗದರಿಸಿದ, ಇವಳು ತೆಲುಗಿನಲ್ಲೇ ತಿರುಗಿ ಗದರಿಸಿದಳು. ಕೊನೆಗೆ ಸೀತಾರಾಮ ಎಂಬುವನು ಹೊರಗೆ ಬಂದ. ಮೈಸೂರಿನವನು, ಬಾಂಡುಗಳನ್ನು ಬರೆಸಿಕೊಳ್ಳುವ ವಿಭಾಗದ ಅಧಿಕಾರಿ. ನಲವತ್ತರ ಮನುಷ್ಯ, ಕೊರಳಲ್ಲಿ ಅವನಿಗೂ ನೀಲಿ ಪಟ್ಟಿ. ಬಸ್ ಸ್ಟಾಪಿನ ಕಲ್ಲಿನ ಮೇಲೆ ಅವಳ ಪಕ್ಕ ಕೂತು ಎಲ್ಲವನ್ನೂ ಕೇಳಿಸಿಕೊಂಡ. ಒರಟನಾಗಿದ್ದರೆ ಬೈದಾದರೂ ಬರಬಹುದಿತ್ತು, ಅವನು ಒರಟನಲ್ಲ.

"ಅಮ್ಮ, ಅದು ನಮ್ಮ ಉಪ್ಪಲ್ಲ," ಅಂದ. "ಕೆಲಸ ಮಾಡಿಸ್ಕೊಂಡು ಕೊಟ್ಟಿದ್ದು ದಾನ ಅಲ್ವಲ್ಲ. ಸಂಬಳ ಕೈಗೆ ಬಿದ್ದ ಮೇಲೆ ಅದು ನಿಮ್ಮ ಮಗಳದ್ದು. ನೀವು ಉಂಡಿರೋದು ಅವಳ ಉಪ್ಪು. ಋಣ ಬಿಡೋ ಹಾಗಿದ್ರೆ ಅವಳೇ ಬಿಡ್ಬೇಕು."

ಸೂಗಮ್ಮ ಸೆರಗು ಬಾಯಿಗೊತ್ತಿಕೊಂಡು ಕೂತಳು. ಮಗಳ ಉಪ್ಪು, ಮಗಳ ಮೈಮೇಲಿನ ಕಟ್ಟು. ಎಷ್ಟು ನೆಟ್ಟಗಿನ ಲೆಕ್ಕ, ಹೊಳೆಯಲಿಲ್ಲ ನೋಡಿ.

ಏಳುವ ಮೊದಲು ಸೀತಾರಾಮ ಅತ್ತಿತ್ತ ನೋಡಿ ತನ್ನ ಪಟ್ಟಿಯನ್ನು ಅಂಗಿಯಿಂದ ಹೊರಗೆಳೆದ. ಏಳು ವರ್ಷವಾಯಿತು, ಮೂರು ಸಲ ಮುಂದುವರಿಸಿಕೊಂಡಿದ್ದೇನೆ, ನಿಲ್ಲಿಸುವ ಧೈರ್ಯವಿಲ್ಲ, ನನ್ನ ಉಪ್ಪು ನೀವು ಉಂಡಿಲ್ಲವಲ್ಲ ಎಂದ. ಕೇಳುವಾಗ ಅವನ ಮುಖ ಕೆಂಪಾಗಿತ್ತು. ಸೂಗಮ್ಮನಿಗೆ ಉಗಿಯಬೇಕೆನ್ನಿಸಿತು. ಎಷ್ಟು ಮಕ್ಕಳ ಕೊರಳಿಗೆ ಹಾಕಿದ ಕೈಯದು! ಆದರೆ ಕೇಳಿ ಬಂದವರನ್ನು ಬರಿಗೈಲಿ ಕಳಿಸುವ ವಂಶವಲ್ಲ ಅವಳದು. ಅಂಗೈ ಇಟ್ಟಳು. ಏಳು ಎಣಿಸುವಷ್ಟರಲ್ಲಿ ಪಟ್ಟಿ ತಣ್ಣಗಾಗಿ ಹಳೆಯ ಲಾಡಿಯ ಹಾಗೆ ಜೋತುಬಿತ್ತು. ಸೀತಾರಾಮ ಬಾಯಿ ತೆರೆದು ಆಕಳಿಸಿದ. ಏನೂ ಆಗಲಿಲ್ಲ, ಬರೀ ಒಂದು ಆಕಳಿಕೆ. ಅವನು ಅಳತೊಡಗಿದ. ಯಾರೋ ದಾರಿಹೋಕನಿಗೆ ಒದಗಿದ ಕೈ ತನ್ನ ಕೂಸಿಗೆ ಒದಗಲಿಲ್ಲವಲ್ಲ ಎಂದು ಸೂಗಮ್ಮನ ಕರುಳು ಕಿತ್ತುಬಂತು. ಅವನನ್ನು ಅಲ್ಲೇ ಬಿಟ್ಟು ನಡೆದುಕೊಂಡೇ ಮನೆಗೆ ಬಂದಳು.

ಮಗಳು ಋಣ ಬಿಡಬೇಕು, ಅಷ್ಟೇ ತಾನೇ? ಭವಾನಿಯನ್ನು ಕೂರಿಸಿ ಹೇಳಿಸಿದರು. ನಿನಗೂ ನನಗೂ ಋಣ ಹರೀತು ಅನ್ನು. ಭವಾನಿ ಅಂದಳು. ಸೂಗಮ್ಮ ಕೈ ಇಟ್ಟಳು. ಪಟ್ಟಿ ಬೆಚ್ಚಗೇ ಇತ್ತು. ಹತ್ತು ಸಲ ಅಂದಳು, ದೇವರ ಮುಂದೆ ನಿಂತು ಅಂದಳು, ನೀರು ಬಿಟ್ಟು ಅಂದಳು. ಆಗ ಅಜ್ಜಿಯ ಮಾತಿನ ಇನ್ನರ್ಧ ಸೂಗಮ್ಮನಿಗೆ ನೆನಪಾಯಿತು. ಬಾಯಿಮಾತಿಗೆ ಋಣ ಹರಿಯುವುದಿಲ್ಲ, ಸುಳ್ಳಿಗೆ ಹರಿಯುವುದಿಲ್ಲ, ಹೊಟ್ಟೆಯೊಳಗಿಂದ ಬರಬೇಕು. ಇಷ್ಟನ್ನು ಮಗಳಿಗೂ ಹೇಳಿದಳು. ಅದರ ಹಿಂದೆಯೇ ಇನ್ನೊಂದು ಮಾತಿತ್ತು. ಅದನ್ನು ಮಗಳಿಗೆ ಹೇಳಲಿಲ್ಲ, ಅಡುಗೆಮನೆಯಲ್ಲಿ ಗಂಡನಿಗೆ ಮಾತ್ರ ಹೇಳಿದಳು. ಹರಿದ ಋಣ ಮುಂದೆ ಎಂದಾದರೂ ಮತ್ತೆ ಕೂಡಿದರೆ, ಬಿಚ್ಚಿದ ಗಂಟು ಮತ್ತೆ ಬೀಳುತ್ತದೆ.

"ಅಂದ್ರ ಅಕಿ ಜಲ್ಮ ಇಡೀ ನಿನ್ನ ದ್ವೇಷ ಮಾಡಬೇಕೇನು?" ಎಂದ ಅಮರಯ್ಯ.

"ಹೌದ್ರಿ. ಜಲ್ಮ ಇರಬೇಕಲ್ರಿ ಅದಕ್ಕ," ಅಂದಳು ಸೂಗಮ್ಮ.

ಅವತ್ತಿನಿಂದ ಆ ಮನೆಯಲ್ಲಿ ನಡೆದದ್ದನ್ನು ಹೇಳಲು ನನಗೂ ನಾಚಿಕೆ. ಜೀವಮಾನದಲ್ಲಿ ಮಗಳಿಗೆ ಒಂದು ಏಟು ಹಾಕದವಳು ಕಾರಣವಿಲ್ಲದೆ ಕೆನ್ನೆಗೆ ಹೊಡೆದಳು. ಗಂಡು ಹುಟ್ಟಲಿಲ್ಲವಲ್ಲ ಎಂದು ಹಲುಬಿದಳು. ಭವಾನಿ ಹತ್ತನೆಯ ತರಗತಿಯಲ್ಲಿ ಗೆದ್ದ ಬೆಳ್ಳಿಯ ಕಪ್ಪನ್ನು ಪಾತ್ರೆ ಮಾರುವವಳಿಗೆ ಹಾಕಿ ಸ್ಟೀಲಿನ ಡಬ್ಬಿ ತೆಗೆದುಕೊಂಡಳು. ಭವಾನಿಗೆ ಸಿಟ್ಟು ಬರುತ್ತಿತ್ತು, ಋಣ ಹರೀತು ಹೋಗು ಎಂದು ಕಿರುಚಿದ್ದೂ ಉಂಟು. ಸೂಗಮ್ಮ ಓಡಿಬಂದು ಕೈ ಇಡುತ್ತಿದ್ದಳು. ಪಟ್ಟಿ ಬೆಚ್ಚಗೆ. ಎಂಟನೆಯ ದಿನ ಭವಾನಿ ತಾಯಿಯ ಕೈ ಹಿಡಿದು, ನಿನಗೆ ನಾಟಕ ಬರುವುದಿಲ್ಲ ಅವ್ವ, ಹೊಡೆಯುವಾಗ ನೀನೇ ಕಣ್ಣು ಮುಚ್ಚುತ್ತೀ ಎಂದು ನಕ್ಕಳು. ನಗುವೂ ಈಗೀಗ ಅವಳಿಗೆ ನೆನಪಿಸಿಕೊಂಡು ನಗುವ ಹಾಗೆ ಬರುತ್ತಿತ್ತು. ಆಗಲಿ ಬಿಡು, ಇರುವಷ್ಟು ದಿನ ನಿನ್ನ ತೊಡೆ ಮೇಲೆ ಮಲಗಿಸಿಕೋ ಅಂದಳು. ನಿದ್ದೆ ಬಾರದ ಕಣ್ಣು ತೆರೆದುಕೊಂಡೇ ಮಲಗಿದಳು.

ಹನ್ನೊಂದನೆಯ ದಿನ. ನಾಳೆ ಹತ್ತು ಗಂಟೆಗೆ ಬಾಂಡ್ ಮುಗಿಯುತ್ತದೆ. ಬೆಳಗಿನ ಬಿಸಿಲು ಅಡುಗೆ ಕಟ್ಟೆಯ ಮೇಲೆ ಬಿದ್ದಿತ್ತು. ಸೂಗಮ್ಮ ಅಭ್ಯಾಸಕ್ಕೆ ಅದನ್ನು ಒರೆಸುತ್ತಿದ್ದಳು. ಸುಳ್ಳುಗಳೆಲ್ಲ ಮುಗಿದಿದ್ದವು. ಉಳಿದದ್ದು ಒಂದೇ ಇತ್ತು, ಅದು ಸುಳ್ಳಲ್ಲ. ಇಷ್ಟು ದಿನ ಅದನ್ನು ತನಗೇ ತಾನು ಹೇಳಿಕೊಂಡಿರಲಿಲ್ಲ ಅವಳು. ಸತ್ತು ಹೋಗಬೇಕೆನ್ನಿಸುವಷ್ಟು ನಾಚಿಕೆಯಾಯಿತು. ಬಟ್ಟೆಯನ್ನು ಹಿಂಡಿ ಇಟ್ಟು ಹಾಲ್‌ಗೆ ಬಂದು ಮಗಳ ಎದುರಿಗೆ ಕೂತಳು.

"ಭವಾನಿ, ಪಂಚಮಿ ದಿನ ನಿನ್ನ ತಲಿಗೆ ಎಣ್ಣಿ ಹಚ್ಚಿದ್ನಲ್ಲ, ನೆನಪೈತೇನು?"

"ಐತಿ. ಫ್ರಿಜ್ ಬಂದಿತ್ತು."

"ಅವತ್ತ ನನ್ನ ಕೈ ಜುಮ್ ಅಂದಿತ್ತು. ನಿನ್ನ ಕೊಳ್ಳಾಗಿಂದು ಕಟ್ಟು ಅಂತ ಅವತ್ತ ಗೊತ್ತಾತು ನನಗ."

ಭವಾನಿ ಈ ಸಲ ನಗಲಿಲ್ಲ. ತಾಯಿಯ ಕಣ್ಣನ್ನೇ ನೋಡಿದಳು. ಸೂಗಮ್ಮ ಈ ಸಲ ಕಣ್ಣು ಮುಚ್ಚಲಿಲ್ಲ.

"ಮತ್ತ ಯಾಕ ಸುಮ್ಕಿದ್ದಿ?"

"ಬಿಚ್ಚಿದ್ರ ನೌಕರಿ ಹೋಗತದ ಅಂತ. ಈ ಮನಿ ಹೋಗತದ ಅಂತ. ನೀ ಉಣ್ಣೋದು ಬಿಟ್ಟಿದ್ದು ನೋಡಿನಿ. ಈಳಿಗಿ ತಾಗಿ ಬೆರಳು ಹರದಾಗ ನೀ ಹಾ ಅನ್ನಲಿಲ್ಲ, ಅದನ್ನೂ ನೋಡಿನಿ. ಊರ ಮಂದಿ ಕಟ್ಟೆಲ್ಲ ಬಿಚ್ಚಿದಾಕಿ, ನಿಂದು ನೋಡಿ ಕೈ ಒರಸಿಕೊಂಡು ಎದ್ದು ಹೋದೆ. ಆಮ್ಯಾಗ ನಿನ್ನ ತಲಿ ಸೈತ ಮುಟ್ಟಲಿಲ್ಲ, ಮತ್ತ ಜುಮ್ ಅಂದೀತು ಅಂತ."

ಅಮರಯ್ಯ ಬಾಗಿಲಲ್ಲಿ ನಿಂತಿದ್ದವನು ಹೆಂಡತಿಯ ಮುಖ ನೋಡಿದ. ನಾಟಕವಿರಬೇಕು ಎಂದು ಅವನು ಹುಡುಕಿದ್ದು ಅಲ್ಲಿ ಸಿಗಲಿಲ್ಲ. ಅವನು ಮೆಲ್ಲಗೆ ಹೊಸ್ತಿಲ ಮೇಲೆ ಕೂತ.

 ಭವಾನಿಯ ಕಣ್ಣು ಫ್ರಿಜ್ಜಿನ ಕಡೆ ಹೋಯಿತು, ಕರಿಕಲ್ಲಿನ ಕಟ್ಟೆಯ ಕಡೆ ಹೋಯಿತು, ತಾಯಿಯ ಕೈಗಳ ಮೇಲೆ ಬಂದು ನಿಂತಿತು. ಅವಳು ಕಿರುಚಲಿಲ್ಲ. ಆಡಿದ ಮಾತು ಪಕ್ಕದ ಕೋಣೆಗೂ ಕೇಳುವಷ್ಟಿರಲಿಲ್ಲ.

"ಪವನ ನಿನ್ನ ಕೈಲೆ ಹೋಳಿಗಿ ತಿಂದ. ಅವನ ಕೊಳ್ಳಾಗೂ ಇತ್ತು. ಅವನ ಉಪ್ಪು ನೀ ಉಂಡಿದ್ದಿಲ್ಲ."

ಸೂಗಮ್ಮನಿಗೆ ಇದು ಹೊಳೆದೇ ಇರಲಿಲ್ಲ.  ದೀಪಾವಳಿಯ ದಿನ ಹೋಳಿಗೆ ಬಡಿಸುವಾಗ ಬಗ್ಗಿದಾಗಲೂ ಕೈ ಜುಮ್ಮೆಂದಿತ್ತು. ತುಪ್ಪ ಬಿಸಿಯಿದೆ ಅಂದುಕೊಂಡಿದ್ದಳು.

"ನಿನಗೂ ನನಗೂ ಋಣ ಹರೀತು," ಅಂದಳು ಭವಾನಿ.

ಸೂಗಮ್ಮ ಕೈಯನ್ನು ಮುಂದೆ ಚಾಚಿ ಪಟ್ಟಿಯ ಮೇಲಿಟ್ಟಳು. ಒಂದು, ಎರಡು, ಮೂರು. ಮೂರಕ್ಕೇ ಪಟ್ಟಿ ತಣ್ಣಗಾಯಿತು. ಕಾರ್ಡಿನ ಫೋಟೋ ಬಿಳಿಚಿಕೊಂಡಿತು. ಎರಡು ವರ್ಷದಲ್ಲಿ ಮೊದಲ ಸಲ ಭವಾನಿಯ ಹೊಟ್ಟೆ ಗುರ್ ಎಂದದ್ದು ಮೂವರಿಗೂ ಕೇಳಿಸಿತು. ಬದುಕಿತು ನನ್ನ ಕೂಸು ಎಂದು ಸೂಗಮ್ಮನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಆದರೆ ಸುಳ್ಳಿಗೆ ಋಣ ಹರಿಯುವುದಿಲ್ಲ ಎಂಬ ನೇಮ ಭವಾನಿಗೂ ಗೊತ್ತಿತ್ತಲ್ಲ. ತಾಯಿ ಹೇಳಿದ್ದು ನಿಜ ಎಂಬುದಕ್ಕೆ ಕೊರಳಲ್ಲಿ ತಣ್ಣಗೆ ಜೋತುಬಿದ್ದ ಪಟ್ಟಿಯೇ ಸಾಕ್ಷಿಯಾಯಿತು. ಕೊನೆಗೂ ಒಂದು ಸಣ್ಣ ಅನುಮಾನ ಉಳಿಸಿಕೊಂಡಿದ್ದಳೇನೋ ಹುಡುಗಿ, ಅದೂ ಹೋಯಿತು. ಅವಳು ತಾಯಿಯ ಕೈಯನ್ನು ಎರಡು ಬೆರಳಿನಿಂದ ಹಿಡಿದು, ಮೈಮೇಲೆ ಬಿದ್ದ ಹುಳ ತೆಗೆಯುವ ಹಾಗೆ ತೆಗೆದು ಬದಿಗಿಟ್ಟಳು.

ಅಡುಗೆಮನೆಗೆ ಹೋಗಿ ನಿಂತುಕೊಂಡೇ ನಾಲ್ಕು ರೊಟ್ಟಿ ತಿಂದಳು. ಅಳುತ್ತ ತಿಂದಳು. ಮಧ್ಯಾಹ್ನದ ಹೊತ್ತಿಗೆ ಒಂದು ಸೂಟ್‌ಕೇಸು ತುಂಬಿಕೊಂಡು ಹೊರಟಳು. ಮನೆಯಿಂದ ಹೊರಡುವವರು ಬರ್ತೀನಿ ಅನ್ನಬೇಕು, ಹೋಗ್ತೀನಿ ಅನ್ನಬಾರದು. ಭವಾನಿ ಅಪ್ಪನಿಗೆ ಬರ್ತೀನಿ ಅಂದಳು. ತಾಯಿಯ ಮುಂದೆ ಬಂದು ಹೋಗ್ತೀನಿ ಅಂದಳು.

ಅವಳು ಹೋದ ವಾರವೇ ಫ್ಲಾಟು ಬಿಟ್ಟು ಗಂಡಹೆಂಡತಿ ಹಳೆಯ ನಾರಾಯಣಗೂಡಕ್ಕೆ ಮರಳಿದರು. ಸೂಗಮ್ಮ ಊಟದಲ್ಲಿ ಉಪ್ಪು ಬಿಟ್ಟಳು. ಗಾಜಿನ ಕಟ್ಟಡಗಳ ಮುಂದಿನ ಬಸ್ ಸ್ಟಾಪುಗಳಲ್ಲಿ ದಿನವಿಡೀ ಕೂರತೊಡಗಿದಳು. ಸೀತಾರಾಮನೇ ಒಬ್ಬೊಬ್ಬರನ್ನು ಕಳಿಸುತ್ತಿದ್ದ. ನೀಲಿ ಪಟ್ಟಿಯವರು, ಹಸಿರು ಪಟ್ಟಿಯವರು ಬಂದು ಕತ್ತು ಬಗ್ಗಿಸುತ್ತಿದ್ದರು. ಬಿಚ್ಚಿ ಕಳಿಸುವಾಗ ಅವಳು ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಒಬ್ಬನನ್ನು ಬಿಟ್ಟ ಮೇಲೆ ನೂರು ಮಂದಿಯನ್ನು ಉಳಿಸಿದರೂ ಆ ಒಬ್ಬ ಏಳುವುದಿಲ್ಲ, ಅದು ಅವಳಿಗೆ ಗೊತ್ತಿತ್ತು.

ಭವಾನಿ ಕೋಚಿಂಗ್ ಸೆಂಟರೊಂದರಲ್ಲಿ ಲೆಕ್ಕ ಹೇಳಿಕೊಡುವ ಕೆಲಸ ಹಿಡಿದು ನಾರಾಯಣಗೂಡದಲ್ಲೇ ಎರಡು ಬೀದಿ ಆಚೆ ಹಾಸ್ಟೆಲಿನಲ್ಲಿದ್ದಳು. ಅಮರಯ್ಯ ಭಾನುವಾರಕ್ಕೊಮ್ಮೆ ಹೋಗಿಬರುತ್ತಿದ್ದ. ಮೂರು ತಿಂಗಳ ಮೇಲೆ ಒಂದು ಭಾನುವಾರ ಬಂದವನು ಕೈಚೀಲವನ್ನು ಎದೆಗವಚಿಕೊಂಡೇ ಕೂತ. ಏನದು ಎಂದು ಸೂಗಮ್ಮ ಎರಡು ಸಲ ಕೇಳಿದಳು. ಕೊನೆಗೆ ಒಂದು ಪಾಕೀಟು ತೆಗೆದು ಹೆಂಡತಿಯ ಮುಂದಿಟ್ಟ. ಕಲ್ಲುಪ್ಪು.

"ಹೊಸ ನೌಕರಿದು ಮೊದಲ ಪಗಾರ ಬಂತಂತ. ಅವ್ವಗ ಕೊಡು ಅಂದಳು," ಎಂದ. "ಮತ್ತೇನೂ ಅನ್ನಲಿಲ್ಲ. ಅಂದು ಮಾರಿ ಆಕಡೆ ಮಾಡಿದಳು."

ಸೂಗಮ್ಮ ಪಾಕೀಟನ್ನು ಎತ್ತಿಕೊಂಡು ಮಡಿಲಲ್ಲಿ ಇಟ್ಟುಕೊಂಡಳು. ಕೂಸನ್ನು ಇಟ್ಟುಕೊಂಡ ಹಾಗೆ ಇಟ್ಟುಕೊಂಡಳು. ಒಂದು ಹರಳು ನಾಲಗೆಯ ಮೇಲಿಟ್ಟರೆ ಸಾಕಿತ್ತು. ಅದಕ್ಕಿಂತ ಹೆಚ್ಚಿನದನ್ನು ಅವಳು ಈ ಜನ್ಮದಲ್ಲಿ ಬೇಡಿರಲಿಲ್ಲ. ನೀಲಿ ಪಟ್ಟಿ ಈಗ ಯಾವ ತಿಪ್ಪೆಯಲ್ಲಿತ್ತೋ, ಆದರೆ ಗಂಟು ಬೀಳುವುದಕ್ಕೆ ಪಟ್ಟಿ ಯಾಕೆ ಬೇಕು? ಎರಡು ವರ್ಷದ ಎಚ್ಚರ, ಎರಡು ವರ್ಷದ ಹಸಿವು ಎಲ್ಲೋ ಹೊರಗೆ ಕಾಯುತ್ತ ನಿಂತಿದ್ದವು. ಪವನ ಮೂರನೆಯ ಮೆಟ್ಟಿಲಲ್ಲಿ ಕೂತದ್ದು ಕಣ್ಣ ಮುಂದೆ ಬಂತು. ಅವಳು ಎದ್ದು ಬಚ್ಚಲಿಗೆ ಹೋಗಿ ಪಾಕೀಟನ್ನು ಹರಿದು ಸುರಿದು, ಎರಡು ಕೊಡ ನೀರು ಹಾಕಿದಳು. ಕೈಯನ್ನು ಮೂರು ಸಲ ತೊಳೆದಳು.

ಬಂದು ಗಂಡನಿಗೆ ಹೇಳಿದಳು, "ನಾಳಿ ಹೋಗಿ ಹೇಳಿಬರ್ರಿ. ನಿಮ್ಮವ್ವ ನಿನ್ನ ಉಪ್ಪು ಗಟಾರಕ್ಕ ಚೆಲ್ಲಿದಳು ಅಂತ ಹೇಳ್ರಿ. ಥೂ ಅಂದಳು ಅಂತ ಹೇಳ್ರಿ."

ಅಮರಯ್ಯ ಆಗುವುದಿಲ್ಲ ಅಂದ. ಬೈದ. ಆಮೇಲೆ ಅತ್ತ. ಮಾರನೆಯ ದಿನ ಸಂಜೆ ಹೋದ, ಒಂದು ತಾಸಿನೊಳಗೆ ತಿರುಗಿ ಬಂದು ಚಪ್ಪಲಿಯನ್ನೂ ಬಿಡದೆ ಮೆಟ್ಟಿಲ ಮೇಲೆ ಕೂತುಬಿಟ್ಟ. ಸೂಗಮ್ಮ ಒಳಗಿನಿಂದಲೇ ಕೇಳಿದಳು, ಏನಂದಳು ಎಂದು.

"ಏನೂ ಅನ್ನಲಿಲ್ಲ. ಅತ್ತಳು. ಅತ್ತು ಅತ್ತು ದಣಿದು ಅಲ್ಲೇ ಬೆಂಚಿನ ಮ್ಯಾಲ ಗ್ವಾಡಿಗೆ ಒರಗಿ ಮಲಕ್ಕೊಂಡಳು."

"ನಿದ್ದಿ ಹತ್ತಿತ್ತೇನ್ರಿ?"

"ಹತ್ತಿತ್ತು. ಸಣ್ಣ ಕೂಸಿನಂಗ ಗೊರಕಿ ಹೊಡಿತಿದ್ದಳು. ಎಬ್ಬಸಲಿಲ್ಲ ನಾ."

ಸೂಗಮ್ಮ ಒಲೆಯ ಉರಿ ತಗ್ಗಿಸಿ ಕೊನೆಯ ರೊಟ್ಟಿ ಇಳಿಸಿದಳು. ಆಮೇಲೆ ಗಂಡನ ತಾಟಿಗೆ ಉಪ್ಪು ಹಾಕಿದ ಪಲ್ಯ, ತನ್ನ ತಾಟಿಗೆ ಸಪ್ಪನೆಯ ಪಲ್ಯ ಬಡಿಸಿಕೊಂಡು, ಏಳ್ರಿ, ರೊಟ್ಟಿ ಆರತಾವ ಅಂದಳು.